ನಾಗತ್ತೆಯ ಹಲ್ಲಿ ಮತ್ತು ನಮ್ಮ ಕಂಪ್ಯೂಟರು

ನಿನ್ನೆ ಸಂಜೆ ಅಹಮದಾಬಾದಿನ ಮಣಿನಗರದ ನಮ್ಮ ಮನೆಯಲ್ಲಿ, ಕ್ಯಾಲೆಂಡರಿನ ಹಿಂದಿನಿಂದ ಒಂದು ಹಲ್ಲಿ ಲೊಚಗುಟ್ಟಿತು. ಆಗ ನಾನು ಹೇಳುತ್ತಿದ್ದದ್ದು ನಾಳೆಗೆ ಅರ್ಧ ಲೀಟರ್ ಹಾಲು ಸಾಕು ಎಂಬಷ್ಟು ಸಪ್ಪೆ ಮಾತು. ಆದರೂ ಬೆರಳು ತಾನಾಗಿಯೇ ಮೇಜು ಕುಟ್ಟಿತು, ಬಾಯಿ ‘ಕೃಷ್ಣ ಕೃಷ್ಣ’ ಎಂದಿತು. ನೀವೂ ನಮ್ಮಂಥ ಮನೆಯಲ್ಲಿ ಬೆಳೆದವರಾದರೆ ನಿಮ್ಮ ಬೆರಳೂ ಸುಮ್ಮನಿರುತ್ತಿರಲಿಲ್ಲ. ಮಾತಿನ ನಡುವೆ ಹಲ್ಲಿ ನುಡಿದರೆ ಆ ಮಾತು ಸತ್ಯವೆಂದು ನಮಗೆಲ್ಲ ಹಾಲು ಕುಡಿಸುವಾಗಲೇ ಕಲಿಸಿರುತ್ತಾರೆ. ವಿಚಿತ್ರವೆಂದರೆ, ಬೆರಳು ಕುಟ್ಟಿದ ಮೇಲೆ ನಾನು ತಿರುಗಿ ನೋಡಿದ್ದು ಗೋಡೆಯನ್ನಲ್ಲ, ಮೂಲೆಯಲ್ಲಿದ್ದ ಕಂಪ್ಯೂಟರನ್ನು. ಅದರ ಕಾರಣ ತಿಳಿಯಬೇಕಾದರೆ ನೀವು ನಾಗತ್ತೆಯನ್ನು ಸ್ವಲ್ಪ ಸಹಿಸಿಕೊಳ್ಳಬೇಕು.

ನಾಗತ್ತೆ ನಮ್ಮ ತಂದೆಯ ತಂಗಿ, ಮೈಸೂರಿನವರು. ಮೂರು ವರ್ಷದ ಕೆಳಗೆ ‘ಹದಿನೈದು ದಿನ ಇದ್ದು ಹೋಗ್ತೀನಿ ಕಣೋ’ ಎಂದು ಬಂದವರು ನಾಲ್ಕು ತಿಂಗಳು ಇದ್ದರು. ನಾನು ಬ್ಯಾಂಕಿನವನು, ವಟ್ವಾದ ಬಣ್ಣದ ಕಾರ್ಖಾನೆಗಳ ನಡುವಿನ ಶಾಖೆಗೆ ವರ್ಗವಾಗಿ ಅಹಮದಾಬಾದಿಗೆ ಬಂದಿದ್ದೆ. ಹೆಂಡತಿ ವಸುಧಾ ಹತ್ತಿರದ ಶಾಲೆಯೊಂದರಲ್ಲಿ ಗಣಿತದ ಟೀಚರ್. ನಮ್ಮ ನಡುಮನೆಯಲ್ಲಿ ಒಂದು ದಿವಾನ, ಅದಕ್ಕೆ ತಾಗಿಕೊಂಡು ಕಂಪ್ಯೂಟರಿನ ಮೇಜು. ದಿವಾನ ನಾಗತ್ತೆಯದಾಯಿತು. ಕಂಪ್ಯೂಟರು ಅವರ ನೆರೆಮನೆ.

ಆ ಕಂಪ್ಯೂಟರಿಗೆ ಆಗಲೇ ಏನೋ ಆಗಿತ್ತು. ಬೆಳಿಗ್ಗೆ ಗುಂಡಿ ಒತ್ತಿ, ಷೇವ್ ಮಾಡಿ, ಸ್ನಾನ ಮುಗಿಸಿ, ತಿಂಡಿಗೆ ಕೂತರೂ ಅದು ಇನ್ನೂ ನಮ್ಮನ್ನು ಸ್ವಾಗತಿಸುತ್ತಲೇ ಇರುತ್ತಿತ್ತು. ಈ ವಿಷಯದಲ್ಲಿ ಮನೆಯ ತಜ್ಞ ನಾನೇ. ಹೇಗೆ ತಜ್ಞನಾದೆ ಎಂದು ಕೇಳಬೇಡಿ. ಮನೆಯಲ್ಲಿ ಬೇರೆ ಯಾರೂ ಆ ಹುದ್ದೆಗೆ ಅರ್ಜಿ ಹಾಕಿರಲಿಲ್ಲ. ಮೊದಲು ಪರದೆಯ ಮೇಲಿನ ಚಿತ್ರಗಳನ್ನೆಲ್ಲ ಅಳಿಸಿ ಭಾರ ಕಡಿಮೆ ಮಾಡಿದೆ. ಆಮೇಲೆ ವೈರಸ್ ಇರಬೇಕೆಂದು ಎರಡೆರಡು ಆಂಟಿವೈರಸ್ ಹಾಕಿದೆ. ಅವೆರಡೂ ಒಂದನ್ನೊಂದು ಹಿಡಿಯುವುದರಲ್ಲಿ ನಿರತವಾದವು. ಕೊನೆಗೆ ವಟ್ವಾದಿಂದ ನನ್ನ ಅಂಗಿಗೆ ಅಂಟಿ ಬರುವ ಬಣ್ಣದ ಪುಡಿಯೇ ಕಾರಣವೆಂದು ತೀರ್ಮಾನಿಸಿ, ಕಂಪ್ಯೂಟರಿನ ಡಬ್ಬಿಯ ಮುಚ್ಚಳ ಬಿಚ್ಚಿ ಟೇಬಲ್ ಫ್ಯಾನ್ ಹಿಡಿದೆ. ನಾಗತ್ತೆ ಇದನ್ನೆಲ್ಲ ನೋಡಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಫಲಿತಾಂಶದ ದೃಷ್ಟಿಯಿಂದ ಇಬ್ಬರೂ ಸಮಸಮ.

ಹಲ್ಲಿ ಬಂದದ್ದು ಆ ದಿನಗಳಲ್ಲೇ. ಒಂದು ಮಧ್ಯಾಹ್ನ ವಸುಧಾ ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಿದ್ದಳು. ನಾಗತ್ತೆ ದಿವಾನದ ಮೇಲಿಂದ, ‘ಈ ಊರಿನ ತೊಗರಿಬೇಳೆ ಎಷ್ಟು ಕೂಗಿಸಿದ್ರೂ ಬೇಯಲ್ಲ ಕಣೇ’ ಎಂದರು. ಎಲ್ಲಿಂದಲೋ ಟಕ್ ಟಕ್ ಎಂದಿತು. ನಾಗತ್ತೆ ದಿವಾನದ ಮರಕ್ಕೆ ಬೆರಳು ಕುಟ್ಟಿ ‘ಕೃಷ್ಣ ಕೃಷ್ಣ’ ಎಂದರು. ಸಂಜೆ ಬ್ಯಾಂಕಿನಿಂದ ಬಂದ ನನಗೂ ಅದು ಕೇಳಿಸಿತು, ಸದ್ದು ಸ್ವಲ್ಪ ಬೇರೆಯಾಗಿದೆಯಲ್ಲ ಎಂದು ಅನುಮಾನ ತೆಗೆದೆ. ‘ಗುಜರಾತಿನ ಹಲ್ಲಿ ಮೈಸೂರಿನ ಹಲ್ಲಿ ಥರ ಮಾತಾಡತ್ತಾ?’ ಎಂದು ಅತ್ತೆ ಕೇಳಿದರು.

ಅಲ್ಲಿಂದ ಮುಂದೆ ನಮ್ಮ ಮನೆ ಹಲ್ಲಿಯ ಮಾತಿನಂತೆ ನಡೆಯಿತು. ಅತ್ತೆಯ ಮಂಡಿನೋವಿಗೆ ಯಾವ ಎಣ್ಣೆ, ಮೈಸೂರಿನಲ್ಲಿರುವ ಅವರ ಮಗಳು ಪದ್ದುವಿಗೆ ಯಾವ ಗಂಡು, ಎಲ್ಲಕ್ಕೂ ಅದರ ಒಪ್ಪಿಗೆ. ಗಂಡಿನ ವಿಷಯ ಆ ಕ್ಷಣವೇ ಫೋನಿನಲ್ಲಿ ಮೈಸೂರಿಗೂ ಹೋಯಿತು. ನಾನು ಟ್ಯೂಬ್‌ಲೈಟಿನ ಹಿಂದೆ, ದೇವರ ಪಟದ ಹಿಂದೆ ಟಾರ್ಚ್ ಬಿಟ್ಟು ಹುಡುಕಿದೆ, ಬಾಲವೂ ಸಿಗಲಿಲ್ಲ. ಇರಲಿ ಎಂದು ಒಂದು ಭಾನುವಾರ ದಿವಾನದ ಮೇಲೆ ಕೂತು, ‘ಈ ವರ್ಷ ನನಗೆ ಪ್ರಮೋಷನ್ ಆಗುತ್ತೆ’ ಎಂದು ನಾಲ್ಕು ಸಲ ಗಟ್ಟಿಯಾಗಿ ಹೇಳಿದೆ. ಹಲ್ಲಿ ಬಾಯಿ ಬಿಡಲಿಲ್ಲ. ಅತ್ತೆ ಮರುಕದಿಂದ ನನ್ನ ಕಡೆ ನೋಡಿದರು. ನಿಜ ಹೇಳುತ್ತೇನೆ, ಆ ದಿನ ನನಗೆ ಊಟ ರುಚಿಸಲಿಲ್ಲ.

ಅಷ್ಟರಲ್ಲಿ ವರ್ಗಾವಣೆಯ ಅರ್ಜಿ ತುಂಬುವ ಕಾಲ ಬಂತು. ಇಲ್ಲಿಯೇ ಇನ್ನೂ ಮೂರು ವರ್ಷವೋ, ಊರಿಗೆ ವಾಪಸೋ, ಬ್ಯಾಂಕಿನ ವೆಬ್‌ಸೈಟಿನಲ್ಲಿ ತಿಳಿಸಬೇಕು. ನಾಗತ್ತೆ, ‘ಇನ್ನೇನು ಯೋಚನೆ, ಮೈಸೂರು ಅಂತ ಬರಿ. ಇವಳ ಸ್ಕೂಲೇನು, ಬಿಟ್ರಾಯ್ತು’ ಎಂದರು. ನಾನು ಆಗಲಿ ಎಂದೆ. ಬ್ಯಾಂಕಿನಲ್ಲೂ ಮನೆಯಲ್ಲೂ ನಾನು ಅತಿ ಹೆಚ್ಚು ಬಳಸುವ ಪದ ಅದೇ. ವಸುಧಾ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಆ ವರ್ಷ ಅವಳಿಗೆ ಹತ್ತನೇ ತರಗತಿ ಕೊಟ್ಟಿದ್ದರು, ಅದಕ್ಕಾಗಿ ಅವಳು ಎಷ್ಟು ಆಸೆಪಟ್ಟಿದ್ದಳೆಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆಗಲಿ ಎಂದೆ.

ಮರುದಿನ ನಾನು ಅರ್ಜಿಗೆ ಕೂರುವ ಮೊದಲು ವಸುಧಾ ‘ಒಂದ್ನಿಮಿಷ ಇರಿ, ನನ್ನ ಪೇಪರ್ ಸೇವ್ ಮಾಡ್ಬಿಡ್ತೀನಿ’ ಎಂದು ಕುರ್ಚಿಗೆ ಬಂದಳು. ಮೌಸು ಹಿಡಿದುಕೊಂಡು, ಪರದೆಯಿಂದ ಕಣ್ಣು ತೆಗೆಯದೆ, ‘ಅತ್ತೆ, ಇನ್ನೊಂದು ಮೂರು ವರ್ಷ ಇಲ್ಲೇ ಇದ್ರೆ ಒಳ್ಳೇದು ಅನ್ಸತ್ತೆ’ ಎಂದಳು. ಆಮೇಲೆ ಹಲ್ಲಿ ಶುರುಮಾಡಿತು ನೋಡಿ: ಟಕ್ ಟಕ್, ಟಕ್ ಟಕ್, ನಿಲ್ಲುವ ಮಾತೇ ಇಲ್ಲ. ನಾಗತ್ತೆ ಕುಟ್ಟಿ ಕುಟ್ಟಿ ಬೆರಳು ನೋಯಿಸಿಕೊಂಡು ಕೊನೆಗೆ ಕೈ ಬದಲಾಯಿಸಿದರು.

‘ಇಷ್ಟು ಹೊತ್ತು ನುಡಿದದ್ದು ನನ್ನ ಜನ್ಮದಲ್ಲಿ ಕಂಡಿಲ್ಲ. ಅಹಮದಾಬಾದ್ ಅಂತಲೇ ಹಾಕಪ್ಪ’ ಎಂದರು. ಹಾಕಿದೆ. ಅರ್ಜಿ ಹೋಗಿ ಮುಟ್ಟಲು ಮುಕ್ಕಾಲು ಗಂಟೆ ಹಿಡಿಯಿತು. ಮುಟ್ಟಿತು ಎಂಬ ಸಾಲು ಕಂಡ ಮರುಕ್ಷಣವೇ ಪರದೆ ಕಪ್ಪಾಯಿತು, ಮತ್ತೆ ಏಳಲಿಲ್ಲ.

ಬೀದಿಯ ತುದಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹಿತೇಶ್‌ಭಾಯ್ ಬಂದರು. ಡಬ್ಬಿಗೆ ಕಿವಿಯಿಟ್ಟು ಕೇಳಿದರು. ಒಳಗಿನಿಂದ ಇಟ್ಟಿಗೆ ತುಂಡಿನಂಥದೊಂದನ್ನು ಬಿಚ್ಚಿ ತಮ್ಮ ಲ್ಯಾಪ್‌ಟಾಪಿಗೆ ತಂತಿ ಜೋಡಿಸಿದರು. ಅವರ ಅಂಗೈಯಲ್ಲೇ ಅದು ಟಕ್ ಟಕ್ ಎಂದಿತು. ನಾಗತ್ತೆ ‘ಕೃಷ್ಣ ಕೃಷ್ಣ’ ಎಂದರು.

‘ಸಾಹೇಬ್, ಹಾರ್ಡ್ ಡಿಸ್ಕ್ ಗಯೀ’ ಎಂದರು ಹಿತೇಶ್‌ಭಾಯ್. ಡಿಸ್ಕಿನಲ್ಲಿ ಒಂದು ಕಡೆ ಹಾಳಾಗಿದೆ, ಅಲ್ಲಿರುವುದನ್ನು ಓದು ಎಂದರೆ ಅದು ಓದಲಾಗದೆ ಮತ್ತೆ ಮತ್ತೆ ತಡಕಾಡುತ್ತದೆ, ಸದ್ದೂ ಅದರದೇ, ನಿಧಾನವೂ ಅದರಿಂದಲೇ ಎಂದು ಹಿಂದಿಯಲ್ಲಿ ವಿವರಿಸಿದರು. ಉಳಿದದ್ದೆಲ್ಲ ಸಿಕ್ಕಿತು, ಪ್ರಶ್ನೆಪತ್ರಿಕೆ ಒಂದೂ ಬಿಡದೆ. ಸಿಗದೇ ಹೋದದ್ದು ನಮ್ಮ ಪಟಗಳಿದ್ದ ‘ಮದುವೆ’ ಎಂಬ ಒಂದೇ ಫೋಲ್ಡರು. ಇದನ್ನು ಇತ್ತೀಚೆಗೆ ಬಹಳ ಸಲ ತೆರೆದಿದ್ದೀರಿ ಎಂದು ಅವರು ನಕ್ಕರು. ಗಂಡಹೆಂಡಿರ ಪ್ರೀತಿ ಎಂದುಕೊಂಡಿರಬೇಕು. ನಾನಂತೂ ತೆರೆದಿರಲಿಲ್ಲ. ವಸುಧಾಳ ಕಡೆ ನೋಡಿದೆ. ಅವಳು ಫ್ಯಾನಿನ ಕಡೆ ನೋಡುತ್ತಿದ್ದಳು.

ಹಿಂದಿ ಬಾರದ ನಾಗತ್ತೆ ತಮ್ಮದೇ ತೀರ್ಮಾನಕ್ಕೆ ಬಂದಿದ್ದರು. ಹಲ್ಲಿ ಡಬ್ಬಿಯೊಳಗೆ ಸೇರಿಕೊಂಡು ಸತ್ತಿದೆ, ನೀನು ಆ ಡಬ್ಬಿ ಮುಟ್ಟಿದ್ದೀಯ, ಮೊದಲು ಸ್ನಾನ ಮಾಡು ಎಂದರು. ತಿದ್ದಲು ಬಾಯಿ ತೆರೆದೆ. ವಸುಧಾ ಟವೆಲ್ ತಂದು ನನ್ನ ಕೈಯಲ್ಲಿಟ್ಟಳು. ಮಧ್ಯಾಹ್ನ ಮೂರು ಗಂಟೆಗೆ, ಒಂದು ಹಾರ್ಡ್ ಡಿಸ್ಕಿನ ಸೂತಕಕ್ಕೆ, ನಾನು ತಲೆಗೆ ನೀರು ಹಾಕಿಕೊಂಡೆ.

ಅಂದು ಸಂಜೆ ಅಡುಗೆಮನೆಯಲ್ಲಿ ಅವಳನ್ನು ಹಿಡಿದೆ. ‘ಆ ಫೋಲ್ಡರ್ ತೆಗೆದ್ರೆ ಸದ್ದು ಬರತ್ತೆ ಅಂತ ಎರಡನೇ ವಾರಾನೇ ಗೊತ್ತಾಯ್ತು’ ಎಂದಳು, ಬೀನ್ಸ್ ಹೆಚ್ಚುತ್ತ. ಪದ್ದುವಿನ ಗಂಡಿಗೆ ಹಲ್ಲಿಯ ಒಪ್ಪಿಗೆ ಕೊಡಿಸಿದ್ದೂ ತಾನೇ ಅಂತೆ, ಒಳ್ಳೆಯ ಹುಡುಗನಂತೆ. ಮೈಸೂರಿನಲ್ಲಿ ಮದುವೆಯ ಆಲ್ಬಮ್ ಒಂದಿದೆ ಎನ್ನಿ, ಪಟಗಳು ಹೋದದ್ದಕ್ಕೆ ನನಗೆ ಅಷ್ಟು ಸಂಕಟವಿರಲಿಲ್ಲ. ಆದರೂ ಗಂಡನೆಂಬ ಗತ್ತಿಗೆ, ‘ಇಲ್ಲೇ ಇರ್ಬೇಕು ಅಂತ ಬಾಯಿಬಿಟ್ಟು ಹೇಳ್ಬಹುದಿತ್ತಲ್ಲ?’ ಎಂದೆ.

‘ನೀವು ಕೇಳಿದ್ರಾ?’ ಎಂದಳು ಅವಳು. ಕೋಪದಿಂದೇನಲ್ಲ, ತರಗತಿಯಲ್ಲಿ ಲೆಕ್ಕ ತಪ್ಪಿದವನನ್ನು ಕೇಳುವ ಹಾಗೆ. ನನಗೆ ನಾಚಿಕೆಯಾಯಿತು. ಆ ನಾಲ್ಕು ತಿಂಗಳಲ್ಲಿ ಗೋಡೆಯನ್ನು ಕೇಳಿದ್ದೆವು, ಕಾಣದ ಹಲ್ಲಿಯನ್ನು ಕೇಳಿದ್ದೆವು. ಕುರ್ಚಿಯ ಮೇಲೆ ಕೂತಿದ್ದವಳನ್ನು ಯಾರೂ ಕೇಳಿರಲಿಲ್ಲ.

ಈ ಸೋಮವಾರ ಮತ್ತೆ ವರ್ಗಾವಣೆಯ ಅರ್ಜಿ ಬಂತು. ನಮ್ಮ ಮದುವೆಯಾಗಿ ಹನ್ನೆರಡು ವರ್ಷ. ವಸುಧಾ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಎದುರಿಗೆ ಕೂತು, ಮೊದಲ ಸಲ, ‘ನಿನಗೆ ಎಲ್ಲಿರೋಕೆ ಇಷ್ಟ?’ ಎಂದು ಕೇಳಿದೆ. ಅವಳು ಪೆನ್ನು ಕೆಳಗಿಟ್ಟಳು.

‘ನಿಜವಾಗ್ಲೂ ಕೇಳ್ತಿದ್ದೀರಾ?’

‘ನಿಜವಾಗ್ಲೂ.’

‘ಹಾಗಾದ್ರೆ ಟೈಮ್ ಕೊಡಿ. ಇಷ್ಟು ದಿನ ಏನು ಬೇಡ ಅನ್ನೋದನ್ನ ಮಾತ್ರ ಯೋಚನೆ ಮಾಡಿದ್ದೆ. ಏನು ಬೇಕು ಅಂತ ಯೋಚನೆ ಮಾಡೇ ಇಲ್ಲ.’

ಇವತ್ತು ಗುರುವಾರ, ಶನಿವಾರ ಕೊನೆಯ ದಿನ. ಕಂಪ್ಯೂಟರು ಈಗ ಚುರುಕಾಗಿದೆ, ಅರ್ಜಿ ಕಣ್ಣು ಮಿಟುಕಿಸುವುದರೊಳಗೆ ತೆರೆದುಕೊಂಡಿತು. ಊರಿನ ಹೆಸರು ಬರೆಯುವ ಜಾಗ ಖಾಲಿಯಿದೆ. ಅವಳು ಇನ್ನೂ ಯೋಚಿಸುತ್ತಿದ್ದಾಳೆ. ನಾನು ಮೌಸು ಬಿಟ್ಟು ಪಕ್ಕದ ಕುರ್ಚಿಗೆ ಸರಿದು ಕೂತಿದ್ದೇನೆ.