ರೇಸ್ ಬಿಟ್ಟರೆ ತಿರುಗದ ಗಾಡಿ

ಎದುರಿಗೆ ದೊಡ್ಡ ಟ್ಯೂಬ್ ಹಿಡಿದು ತೇಲುತ್ತಿದ್ದ ನಾಲ್ವರು ಹೆಂಗಸರು. ನಾನು ಜೆಟ್ ಸ್ಕೀ ಮೇಲೆ. ಹಿಂದೆ ನನ್ನ ಸೊಂಟ ಗಟ್ಟಿಯಾಗಿ ಹಿಡಿದು ಕೂತ ನಾದಿನಿ ಶೈಲಾ. ಇಪ್ಪತ್ತೆಂಟು ವರ್ಷ ಪುಣೆಯ ಟ್ರಾಫಿಕ್ಕಿನಲ್ಲಿ ಸ್ಕೂಟರ್ ಓಡಿಸಿದವಳು ಏನು ಮಾಡುತ್ತಾಳೋ ಅದನ್ನೇ ಮಾಡಿದೆ. ರೇಸ್ ಬಿಟ್ಟೆ, ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದೆ.

ಗಾಡಿ ತಿರುಗಲೇ ಇಲ್ಲ! ನೆಟ್ಟಗೆ ಅವರ ಮೇಲೇ ಹೊರಟಿತು.

ಬೆರಳುಗಳು ತಾವಾಗಿಯೇ ಬ್ರೇಕ್ ಹುಡುಕಿದವು. ಇದ್ದರೆ ತಾನೇ ಸಿಗುವುದು? "ಅಯ್ಯೋ ಯವ್ವಾ, ದೂರ ಸರೀರೀ!" ಎಂದು ಕಿರುಚಿದೆ. ಹೆಂಗಸರು ಟ್ಯೂಬ್ ಬಿಟ್ಟು ದಿಕ್ಕಾಪಾಲಾದರು. ಒಬ್ಬಾಕೆಯ ಭುಜಕ್ಕೂ ನಮ್ಮ ಗಾಡಿಗೂ ನಡುವೆ ಉಳಿದದ್ದು ಒಂದು ಮೊಳ. ಟ್ಯೂಬಿಗೆ ಗುದ್ದಿ ಗಾಡಿ ವಾಲಿತು. ನಾವಿಬ್ಬರೂ ಧುಡುಮ್ಮನೆ ನೀರಿಗೆ.

ಬಿದ್ದ ಕ್ಷಣವೇ ಎಂಜಿನ್ ಆಫ್ ಆಯಿತು. ನನ್ನ ಮಣಿಕಟ್ಟಿಗೆ ಕಟ್ಟಿದ್ದ ಕೆಂಪು ಹಗ್ಗ ಸ್ವಿಚ್ಚಿನಿಂದ ಕಿತ್ತುಕೊಂಡು ಬಂದಿತ್ತು. (ಬಳೆಗೆ ಸಿಕ್ಕಿಕೊಳ್ಳುತ್ತದೆ ಎಂದು ಹೊರಡುವಾಗ ಅದನ್ನು ಬಿಚ್ಚಲು ಹೋಗಿದ್ದೆ. ಗಾಡಿ ಕೊಟ್ಟ ಮನುಷ್ಯ ಬಿಡಲಿಲ್ಲ. ಅವನ ಹೊಟ್ಟೆ ತಣ್ಣಗಿರಲಿ.) ಈಜು ಬಾರದ ಶೈಲಾ ಲೈಫ್ ಜಾಕೆಟ್ಟಿನ ದಯೆಯಿಂದ ತೇಲುತ್ತಿದ್ದಳು. ಮುಖ ಮಾತ್ರ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

ಇದು ಪುಣೆ ಹತ್ತಿರದ ಭೋರ್ ಕಡೆಯ ಹಿನ್ನೀರಿನಲ್ಲಿ. ಕೋಥರೂಡ ಬಡಾವಣೆಯ ನಮ್ಮ ವಸತಿ ಸೊಸೈಟಿಯ ಹೆಂಗಸರು ಭಾನುವಾರದ ಪಿಕ್ನಿಕ್ಕಿಗೆ ಹೋಗಿದ್ದೆವು.

ಗಾಡಿ ಕೊಟ್ಟ ಮನುಷ್ಯ ದೋಣಿ ತಂದು ನಮ್ಮನ್ನು ಎತ್ತಿಕೊಂಡ. ನನ್ನ ಕೂಗು ಕೇಳಿಸಿತ್ತೋ ಏನೋ, ಎತ್ತುತ್ತಲೇ ಕೇಳಿದ, "ಅಕ್ಕಾರ, ನೀವು ಕನ್ನಡದವರೇನ್ರಿ? ಮೊದಲ ಹೇಳಬಾರದೇನ್ರಿ!"

ಹೆಸರು ಶರಣಪ್ಪ, ಯಾದಗಿರಿ ಕಡೆಯವನು. ಹೊರಡುವ ಮುಂಚೆ ಅವನು ತನ್ನ ಹರಕು ಮರಾಠಿಯಲ್ಲಿ ಎಲ್ಲ ವಿವರಿಸಿದ್ದ. ನಾನು ನನ್ನ ಠಾಕು ಠೀಕಾದ ಮರಾಠಿಯಲ್ಲಿ "ಮಾಹಿತ್ ಆಹೆ, ಮಾಹಿತ್ ಆಹೆ", ಅಂದರೆ ಗೊತ್ತು ಗೊತ್ತು, ಎಂದು ಬಾಯಿ ಮುಚ್ಚಿಸಿದ್ದೆ. ಮನೆ ಹೊಸ್ತಿಲು ದಾಟಿದ ಕೂಡಲೇ ಮರಾಠಿಗೆ ಜಾರುವುದು ಪುಣೆಯ ನಮ್ಮವರೆಲ್ಲರ ಚಾಳಿ. ಇಬ್ಬರು ಕನ್ನಡಿಗರು, ಜೀವದ ಮಾತು, ಅರ್ಧಂಬರ್ಧ ಮರಾಠಿ! ಹಣೆ ಚಚ್ಚಿಕೊಳ್ಳಬೇಕು.

"ಸ್ಕೂಟಿ ಎಷ್ಟು ವರ್ಷದಿಂದ ಹೊಡೀತೀರಿ?" ಎಂದ. ಹೇಳಿದೆ.

"ಅಲ್ಲೇ ಘಾತ ಆತ್ ನೋಡ್ರಿ. ಇದು ಹಿಂದಿನಿಂದ ನೀರು ಜೋರ್ ಉಗುಳ್ತದ. ಆ ನೀರು ತಿರುಗಿದ್ರ ಗಾಡಿ ಹೊಳ್ಳತದ. ರೇಸ್ ಬಿಟ್ರ ನೀರ ಇಲ್ಲ. ಆವಾಗ ಹ್ಯಾಂಡಲ್ ಬರೇ ಶೋಕಿಗೆ. ಅಡ್ಡ ಬಂದ್ರ ಸ್ವಲ್ಪ ರೇಸ್ ಇಟ್ಕೊಂಡ ತಿರುಗಿಸ್ರಿ. ಅದಕ್ಕಿಂತ ಮೊದಲ, ಮಂದಿ ಹತ್ರ ಹೋಗಲೇಬ್ಯಾಡ್ರಿ."

ಆ ನಾಲ್ವರ ಮುಂದೆ ಕೈಮುಗಿದು ನಿಂತೆ. ಬೈದರು. ಬೈಯಬೇಕಾದದ್ದೇ.

ಆದರೆ ನಿಜವಾದ ಶಿಕ್ಷೆ ಸೋಮವಾರ ಶುರುವಾಯಿತು. ಶೈಲಾ ಕೆಲಸ ಮಾಡುವ ಶಾಲೆಗೆ ದಿನಾ ಬೆಳಿಗ್ಗೆ ನಾನೇ ಸ್ಕೂಟರಿನಲ್ಲಿ ಬಿಡುವುದು. ಅವತ್ತು ಚಪ್ಪಲಿ ಮೆಟ್ಟುತ್ತ, "ಇವತ್ತ ಬಸ್ಸಿಗೆ ಹೋಗ್ತೀನಿ ವೈನಿ" ಎಂದಳು. ಮಂಗಳವಾರವೂ ಬಸ್ಸು. ಬುಧವಾರವೂ. ಜಗಳವಾಡಿದ್ದರೆ ಒಂದು ಚಹಾದಲ್ಲಿ ಮುಗಿಯುತ್ತಿತ್ತು. ಇದು ಭಯ. ನನ್ನ ಬೆನ್ನ ಹಿಂದೆ ಕೂರಲು ಅವಳಿಗೆ ಭಯ! ಇಷ್ಟು ಸಂಕಟ ನನಗೆ ಯಾವತ್ತೂ ಆಗಿರಲಿಲ್ಲ.

ಗುರುವಾರ ರಾತ್ರಿ ಊಟದ ಹೊತ್ತಿಗೆ ಹೇಳಿಬಿಟ್ಟೆ: ಭಾನುವಾರ ಮತ್ತೆ ಭೋರ್. ಯಜಮಾನರು ಕೈಯಲ್ಲಿದ್ದ ಭಕ್ಕರಿ ಕೆಳಗಿಟ್ಟರು. "ನಿನಗ ತಲಿ ಗಿಲಿ ಕೆಟ್ಟದೇನ? ಸಾಕ್ ಬಿಡು."

ಸಾಕು ಯಾಕೆ ಬಿಡಬೇಕು? ತಪ್ಪು ಮಾಡಿದ ಕೈಗೆ ಸರಿಯಾದದ್ದನ್ನು ಕಲಿಸದೆ ಸುಮ್ಮನೆ ಮಡಚಿಟ್ಟರೆ ಅದು ಬುದ್ಧಿವಂತಿಕೆಯೇ? ಹೊರಟೆ. ಶೈಲಾ ಕೂಡ ಬಂದಳು, "ದಂಡಿ ಮ್ಯಾಲ ಕೂಡ್ತೀನಿ, ಅಷ್ಟ" ಎಂಬ ಷರತ್ತಿನ ಮೇಲೆ.

ಶರಣಪ್ಪ ಜನರಿಂದ ದೂರ, ನಡುನೀರಿನಲ್ಲಿ ಒಂದು ಖಾಲಿ ಕ್ಯಾನ್ ತೇಲಿಬಿಟ್ಟ. ಅದರ ಕಡೆ ಹೋಗಬೇಕು, ರೇಸ್ ಬಿಡದೆ ತಿರುಗಬೇಕು. ಬಳೆ ಬಿಚ್ಚಿಟ್ಟೆ, ಹಗ್ಗ ಕಟ್ಟಿಕೊಂಡೆ, ಜಾಕೆಟ್ಟಿನ ಬಕಲ್ ಎಲ್ಲ ಹಾಕಿದೆ. ಮೊದಲ ಸಲ ಕ್ಯಾನಿಗೆ ಗುದ್ದಿದೆ. ಎರಡನೆಯ ಸಲವೂ. ಹೆದರಿಕೆ ಬಂದೊಡನೆ ಕೈ ತಾನೇ ಸಡಿಲವಾಗುತ್ತಿತ್ತು. "ಬಿಡಬ್ಯಾಡ್ರಿ ಅಕ್ಕಾರ, ಬಿಡಬ್ಯಾಡ್ರಿ!" ಎಂದು ಅವನು ಪಕ್ಕದ ದೋಣಿಯಿಂದ ಗಂಟಲು ಹರಿದುಕೊಂಡ. ಏಳನೆಯ ಸಲವೂ ಹೋಯಿತು. ಹಲ್ಲು ಕಚ್ಚಿ ಮತ್ತೆ ಹೋದೆ. ಎಂಟನೆಯ ಸಲ ಕೈ ಗಟ್ಟಿಯಾಗಿ ನಿಂತಿತು, ಗಾಡಿ ಕ್ಯಾನನ್ನು ದೂರದಿಂದಲೇ ಬಳಸಿಕೊಂಡು ಹೋಯಿತು. ಆಮೇಲೆ ಹತ್ತು ಸಲ ಸಾಲಾಗಿ ಸರಿ ಬರುವವರೆಗೆ ನಾನು ಇಳಿಯಲಿಲ್ಲ.

ದಂಡೆಗೆ ಬಂದಾಗ ಶೈಲಾ ಜಾಕೆಟ್ ಹಾಕಿಕೊಂಡು ನಿಂತಿದ್ದಳು. ಬಕಲ್ ಎಳೆದೆಳೆದು ನೋಡುತ್ತಿದ್ದಳು. ನನ್ನ ಕಣ್ಣು ತುಂಬಿ ಬಂತು. ಸ್ವಲ್ಪ ಮುಂದೆ ಸರಿದು, ಹಿಂದೆ ಅವಳಿಗೆ ಜಾಗ ಮಾಡಿಕೊಟ್ಟೆ.

ಅವಳು ಹತ್ತಲಿಲ್ಲ. ಕೆಂಪು ಹಗ್ಗಕ್ಕೆ ಕೈಚಾಚಿ ಅಂದಳು, "ನೀವು ಇಳೀರಿ ವೈನಿ. ಈಗ ಶರಣಪ್ಪ ನನಗ ಕಲಿಸಲಿ."

ಇಷ್ಟು ವರ್ಷ ಅವಳನ್ನು ಹಿಂದೆ ಕೂರಿಸಿಕೊಂಡು ಓಡಾಡಿದ ನಾನು, ನಿನಗೂ ಹ್ಯಾಂಡಲ್ ಹಿಡಿಯಬೇಕೇ ಎಂದು ಒಂದು ದಿನವಾದರೂ ಕೇಳಿದ್ದೆನೇ?