ಗುಂಡಿಯ ವಯಸ್ಸಿಗೆ ಬಿಟ್ಟ ಮಾರ್ಜಿನ್

ಟೈಲರಮ್ಮನ ಅಂಗಡಿ ಎಂದರೆ ಅವಳ ಮನೆಯ ಮುಂದಿನ ಕೋಣೆಯೇ. ಕಿಟಕಿ ಪಕ್ಕ ಮೆಷಿನ್, ಗೋಡೆಯುದ್ದಕ್ಕೂ ಬಟ್ಟೆ ಕತ್ತರಿಸುವ ಮೇಜು, ಮೇಜಿನ ಕೆಳಗೆ ಚಿಂದಿಯ ರಾಶಿ, ಆ ರಾಶಿಯ ಮೇಲೆ ಮಹಾರಾಣಿಯ ಹಾಗೆ ಮಲಗಿದ ಕಂದು ನಾಯಿ ಗುಂಡಿ. ಜೊತೆಗೊಂದು ಬೆಕ್ಕು, ಅದರ ಹೆಸರು ಕಾಜಾ. ಗುಂಡಿ ಅಂತ ಒಂದಿದ್ದ ಮೇಲೆ ಅದು ತೂರುವುದಕ್ಕೆ ಕಾಜಾ ಬೇಡವೇ ಎಂಬುದು ಟೈಲರಮ್ಮನ ವಾದ! ಮದುವೆಯ ಗೊಡವೆಗೇ ಹೋಗದೆ, ಅರ್ಧ ಊರಿನ ಸೊಂಟದ ಸುತ್ತಳತೆಯನ್ನು ತಲೆಯಲ್ಲಿಟ್ಟುಕೊಂಡು, ಯಾರ ಗುಟ್ಟನ್ನೂ ಯಾರಿಗೂ ಬಿಟ್ಟುಕೊಡದೆ ಇಪ್ಪತ್ತಾರು ವರ್ಷ ಹೊಲಿದವಳು ಅವಳು.

ಇನ್ಶೂರೆನ್ಸ್ ಎಂಬ ಮಾತು ಆ ಮನೆಗೆ ಬಂದದ್ದು ಕಾಜಾನ ಹೊಟ್ಟೆಯ ದಾರಿಯಿಂದ. ಹೋದ ವರ್ಷ ಅದು ಒಂದು ಮೊಳ ದಾರ ನುಂಗಿತು, ದಾರದ ತುದಿಯಲ್ಲಿದ್ದ ಸೂಜಿಯನ್ನೂ ಬಿಡಲಿಲ್ಲ. ಆಪರೇಷನ್ ಆಯಿತು, ಬೆಕ್ಕು ಉಳಿಯಿತು, ಆದರೆ ಅಂಚು ಹೊಲಿಯುವ ಓವರ್‌ಲಾಕ್ ಮೆಷಿನ್ ಮಾರಿಹೋಯಿತು. ನಾಳೆ ಗುಂಡಿಗೇನಾದರೂ ಆದರೆ ಮಾರಲು ಉಳಿದಿದ್ದು ತಾನು ಕೂತು ಹೊಲಿಯುವ ಮೆಷಿನ್ ಒಂದೇ. ಅದನ್ನೂ ಕೊಟ್ಟರೆ ಆಮೇಲೆ ನಾಯಿಗೂ ತನಗೂ ಹೊಟ್ಟೆಗೆ ಏನು ಎಂಬ ಯೋಚನೆ ಅವಳ ತಲೆ ಹೊಕ್ಕು ಕೂತಿತು.

ಕಾಲೇಜಿಗೆ ಹೋಗುವ ಅಣ್ಣನ ಮಗಳು ಎರಡು ಕಂಪನಿಗಳ ಕಾಗದ ಪ್ರಿಂಟ್ ಮಾಡಿಸಿಕೊಂಡು ಬಂದಳು. ಟೈಲರಮ್ಮ ಕನ್ನಡಕ ಏರಿಸಿ, ಎರಡನ್ನೂ ತಿರುವಿಹಾಕಿ ಕೊನೆಯ ಪುಟದಿಂದ ಓದತೊಡಗಿದಳು. ಬಟ್ಟೆಯ ಯೋಗ್ಯತೆ ತಿಳಿಯಬೇಕಾದರೆ ಒಳಮೈ ತಿರುಗಿಸಿ ಹೊಲಿಗೆ ನೋಡಬೇಕು, ಕಾಗದವೂ ಅಷ್ಟೇ ಎಂದಳು. ಅವಳ ಮಾತು ಸುಳ್ಳಾಗಲಿಲ್ಲ! ಒಂದು ಪಾಲಿಸಿ ಅಗ್ಗ, ಆದರೆ ಅಪಘಾತಕ್ಕೆ ಮಾತ್ರ. ಇನ್ನೊಂದು ಕಾಯಿಲೆಗೂ ಕೊಡುತ್ತದೆ, ಆದರೆ ಸೇರಿದ ಮೊದಲ ಮೂವತ್ತು ದಿನ ಕಾಯಿಲೆ ಬಿದ್ದರೆ ಕೇಳುವಂತಿಲ್ಲ, ಪ್ರತಿ ಬಿಲ್ಲಿನಲ್ಲೂ ಐದರಲ್ಲಿ ಒಂದು ಪಾಲು ನಾವೇ ಹೊರಬೇಕು, ಮೊದಲೇ ಇದ್ದ ನೋವಿಗೆ ಚಿಕ್ಕಾಸೂ ಇಲ್ಲ. ಸೂಜಿ ನುಂಗುವುದು ಅಪಘಾತವೋ ಕಾಯಿಲೆಯೋ ಎಂದು ಕೇಳಿಸಿದಳು. ಹುಡುಗಿ ಫೋನ್ ಮಾಡಿದಳು, ಆ ಕಡೆಯವರು ಸ್ವಲ್ಪ ಹೊತ್ತು ಯಾರನ್ನೋ ವಿಚಾರಿಸಿ, ಅಪಘಾತವೇ ಎಂದರು.

"ಹಾಗಾದ್ರೆ ಮುಗೀತು," ಎಂದಳು ಟೈಲರಮ್ಮ. "ಕಾಜಾಗೆ ಆರೋಗ್ಯ ಇದೆ, ಬುದ್ಧಿ ಇಲ್ಲ. ಅದಕ್ಕೆ ಅಪಘಾತದ್ದು ಸಾಕು. ಗುಂಡಿಗೆ ಬುದ್ಧಿ ಇದೆ, ವಯಸ್ಸಾಗ್ತಾ ಇದೆ. ಅವಳಿಗೆ ದೊಡ್ಡದು."

ಕಾಜಾನ ಫಾರಂ ಹುಡುಗಿ ತುಂಬಿದಳು, ಎರಡೇ ದಿನದಲ್ಲಿ ಪಾಲಿಸಿ ಬಂತು. ಗುಂಡಿಯದನ್ನು ಟೈಲರಮ್ಮ ಒಬ್ಬಳೇ ಕೂತು ಕೈಯಾರೆ ತುಂಬಿ ಕಳಿಸಿದಳು. ವಾರ ಕಳೆಯುವುದರೊಳಗೆ ಅದು ತಿರಸ್ಕೃತವಾಗಿ ವಾಪಸ್ ಬಂತು.

ಹುಡುಗಿ ಓಡಿಬಂದು ಫಾರಂ ನೋಡಿದರೆ, ವಯಸ್ಸಿನ ಜಾಗದಲ್ಲಿ ದುಂಡಗೆ ಎಂಟು ಅಂತ ಬರೆದಿದೆ. ಎಂಟು ತುಂಬಿದ ನಾಯಿಯನ್ನು ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ ಎಂದು ಮೊದಲನೆಯ ಪುಟದಲ್ಲೇ ದಪ್ಪಕ್ಷರದಲ್ಲಿದೆ. ಒಳಹೊಲಿಗೆಯನ್ನೆಲ್ಲ ಎಳೆಎಳೆಯಾಗಿ ನೋಡಿದವಳು ಮುಂಭಾಗವನ್ನೇ ನೋಡಿರಲಿಲ್ಲ!

"ಗುಂಡಿಗೆ ಎಂಟಾಗಿದ್ಯಾ ಅತ್ತೆ?"

"ಏಳು ಇರ್ಬೇಕು. ಒಂದು ಮಾರ್ಜಿನ್ ಬಿಟ್ಟೆ."

"ವಯಸ್ಸಿಗೆ ಯಾರಾದ್ರೂ ಮಾರ್ಜಿನ್ ಬಿಡ್ತಾರಾ?"

"ಎಲ್ಲದಕ್ಕೂ ಬಿಡ್ತಾರೆ ಪುಟ್ಟಿ. ಜಾಸ್ತಿ ಆದ್ರೆ ಹಿಡಿದು ಹೊಲೀಬಹುದು. ಕಮ್ಮಿ ಆದ್ರೆ ಎಲ್ಲಿಂದ ತರೋದು?"

ಹೇಳುವಾಗ ಧೈರ್ಯವಾಗಿಯೇ ಹೇಳಿದಳು, ಆದರೆ ಹೇಳಿ ಮುಗಿಸಿದ ಮೇಲೆ ಮೆಷಿನ್ನಿನ ಚಕ್ರದ ಮೇಲಿದ್ದ ಕೈ ತೆಗೆಯಲೇ ಇಲ್ಲ. ಇಪ್ಪತ್ತಾರು ವರ್ಷ ಯಾವ ಬಟ್ಟೆಯನ್ನೂ ಕೆಡಿಸದ ಅಭ್ಯಾಸ ಇವತ್ತು ಗುಂಡಿಯನ್ನೇ ಹೊರಗೆ ನಿಲ್ಲಿಸಿತ್ತು. ಕಂಪನಿಗೆ ಮತ್ತೆ ಫೋನ್ ಹೋಯಿತು. ನಿಜವಾದ ವಯಸ್ಸಿಗೆ ಪ್ರಾಣಿವೈದ್ಯರ ಪತ್ರ ತಂದರೆ ಇನ್ನೊಮ್ಮೆ ನೋಡುತ್ತೇವೆ, ಆದರೆ ಎಂಟು ತುಂಬುವ ಮೊದಲೇ ತರಬೇಕು ಎಂದರು.

ಆ ದಿನ ಗಿರಾಕಿಗಳನ್ನೆಲ್ಲ ನಾಳೆ ಬನ್ನಿ ಎಂದು ಕಳಿಸಿ, ಗುಂಡಿಯನ್ನು ಆಟೋದಲ್ಲಿ ಕೂರಿಸಿಕೊಂಡು ಇಬ್ಬರೂ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಹೋದರು. ಬೀದಿಯಿಂದ ಗುಂಡಿಯನ್ನು ತಂದ ವಾರವೇ ಲಸಿಕೆ ಹಾಕಿಸಿದ್ದರಿಂದ ಅಲ್ಲಿ ಅವಳ ಹಳೆಯ ದಾಖಲೆ ಇತ್ತು. ಹಲ್ಲು ನೋಡಿ ಆರು ತಿಂಗಳ ಮರಿ ಎಂದು ಡಾಕ್ಟರಮ್ಮನೇ ಬರೆದಿದ್ದರು. ಹುಡುಗಿ ಬೆರಳು ಮಡಿಸಿ ಎಣಿಸಿದಳು. ಏಳು ವರ್ಷ ಹನ್ನೊಂದು ತಿಂಗಳು! ಟೈಲರಮ್ಮ ಮೇಜಿನ ಮೇಲೆ ನಿಂತಿದ್ದ ನಾಯಿಯ ಕುತ್ತಿಗೆಗೆ ಮುಖ ಒತ್ತಿಕೊಂಡಳು. ಎಷ್ಟು ಹೊತ್ತಾದರೂ ತೆಗೆಯಲಿಲ್ಲ.

ಪತ್ರ ಬರೆಯುವ ಮೊದಲು ಡಾಕ್ಟರಮ್ಮ ಗುಂಡಿಯ ಮೈಯೆಲ್ಲ ಮುಟ್ಟಿ ನೋಡಿದರು. ಹಿಂದಿನ ಎಡಗಾಲಿಗೆ ಬಂದಾಗ ಕೈ ನಿಂತಿತು. ಮಂಡಿ ಸವೆಯುತ್ತಿದೆ, ಈಗಲೇ ಹೆದರುವಂಥದ್ದಲ್ಲ, ಆದರೆ ಕಂಡದ್ದನ್ನು ಪತ್ರದಲ್ಲಿ ಬರೆಯಲೇಬೇಕು ಎಂದರು. ಬರೆದರೆ ಕಂಪನಿಯವರು ಆ ಕಾಲನ್ನು ಬಿಟ್ಟು ಪಾಲಿಸಿ ಕೊಡುತ್ತಾರೆ.

ಹುಡುಗಿಗೆ ಅಳುವೇ ಬಂತು. ಈ ಒಂದು ಸಾಲು ಬಿಡಬಹುದಾ ಎಂದು ಕೇಳುವುದಕ್ಕೆ ಅವಳು ಬಾಯಿ ತೆರೆಯುವಷ್ಟರಲ್ಲಿ ಟೈಲರಮ್ಮ ಅವಳ ಕೈ ಅದುಮಿದಳು.

"ಬರೀರಿ ಡಾಕ್ಟ್ರಮ್ಮ," ಎಂದಳು. "ನಾಳೆ ಬೇರೆ ಏನೋ ಆಗಿ ಇವಳು ಇದೇ ಮೇಜಿನ ಮೇಲೆ ಮಲಗಿರುವಾಗ, ನೀವು ಕಾಲಿಂದು ಮುಚ್ಚಿಟ್ರಿ ಅಂತ ಅವರು ಜಗಳ ತೆಗೆದ್ರೆ, ನಾನು ಇವಳನ್ನ ನೋಡ್ಲಾ, ಅವರ ಜೊತೆ ಕಾದಾಡ್ಲಾ?"

ಎಂಟು ತುಂಬುವುದಕ್ಕೆ ಇನ್ನು ಹನ್ನೊಂದು ದಿನ ಇದೆ ಎನ್ನುವಾಗ ಪಾಲಿಸಿ ಬಂತು. ಹೊಟ್ಟೆಯಿದೆ, ಹೃದಯವಿದೆ, ಕಣ್ಣು, ಕಿವಿ, ಹಲ್ಲಿನ ಬೇರು ಕೂಡ ಇದೆ, ಹಿಂದಿನ ಎಡಗಾಲೊಂದಿಲ್ಲ. ಲೋಕದಲ್ಲಿ ಮೂರೇ ಕಾಲಿಗೆ ಇನ್ಶೂರೆನ್ಸ್ ಇರುವ ನಾಯಿ ಇದೊಂದೇ ಇರಬೇಕು ಎಂದು ಹುಡುಗಿ ನಕ್ಕಳು. ಟೈಲರಮ್ಮ ಈ ಸಲ ಮೊದಲನೆಯ ಪುಟದಿಂದ ಕೊನೆಯ ಪುಟದವರೆಗೆ ಎರಡು ಸಲ ಓದಿ, ಕಾಗದವನ್ನು ಮಡಿಸಿ ಒಳಗಿಟ್ಟಳು.

"ಆ ಕಾಲು ನಂದು," ಎಂದಳು.

ಮಂಡಿಗೆ ಎತ್ತರದಿಂದ ಹಾರುವುದು ಒಳ್ಳೆಯದಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು. ಗುಂಡಿಯೋ, ಏಳು ವರ್ಷದಿಂದ ಟೈಲರಮ್ಮನ ಮಂಚ ಹತ್ತಿ ಅವಳ ಪಾದದ ಹತ್ತಿರವೇ ಮಲಗುವವಳು, ಕೆಳಗೆ ಮಲಗು ಎಂದರೆ ಕೇಳುವ ಪೈಕಿಯಲ್ಲ. ಆ ಸಂಜೆ ಅತ್ತೆ ಸೊಸೆ ಇಬ್ಬರೂ ಸೇರಿ ಹಾಸಿಗೆಯನ್ನು ಎಳೆದು ನೆಲಕ್ಕೆ ಹಾಕಿದರು. ನಿನ್ನ ಸೊಂಟದ ಗತಿ ಏನು ಅತ್ತೆ ಎಂದು ಹುಡುಗಿ ಕೇಳುತ್ತಲೇ ಇದ್ದಳು. ಗುಂಡಿ ಹಾಸಿಗೆಯನ್ನು ಸುತ್ತಲೂ ಮೂಸಿ, ಒಂದೇ ಹೆಜ್ಜೆಗೆ ಒಳಗೆ ಬಂದು, ಆ ಎಡಗಾಲನ್ನು ಚಾಚಿ ಮಲಗಿದಳು. ಟೈಲರಮ್ಮ ಪಕ್ಕದಲ್ಲಿ ಕೂತು ಮಂಡಿಯನ್ನು ಮೆಲ್ಲಗೆ ನೀವತೊಡಗಿದಳು. ಖಾಲಿಯಾದ ಮಂಚವನ್ನು ಆಗಲೇ ಕಾಜಾ ಪೂರ್ತಿ ತನ್ನದು ಮಾಡಿಕೊಂಡಿತ್ತು.