ಕಂದು ಬೂಟು

ಈನಾಕ್ ಬೋಮಂಟ್ ಇಪ್ಪತ್ತೆರಡು ವರ್ಷ ಹಡರ್ಸ್‌ಫೀಲ್ಡಿನ ಒಂದು ಬಣ್ಣದ ಕಾರ್ಖಾನೆಯಲ್ಲಿ ಹಂಡೆ ಕಾಯ್ದ. ಬೆಂಜೀನಿಗೆ ಆಮ್ಲಗಳು ಬೆರೆಯುವಾಗ ಕಾವೇರದಂತೆ ನೋಡಿಕೊಂಡರೆ ಹಳದಿ ಎಣ್ಣೆ ಇಳಿಯುತ್ತಿತ್ತು. ಅದರಿಂದಲೇ ಬಟ್ಟೆಗೆ ಬಣ್ಣ, ಅಗ್ಗದ ಸಾಬೂನಿಗೆ ಪರಿಮಳ, ಬೂಟಿಗೆ ಕಪ್ಪು. ಘಮ ಬಾದಾಮಿಯದು, ಗುಣ ವಿಷದ್ದು. ಚರ್ಮದ ಮೂಲಕವೇ ರಕ್ತ ಸೇರುತ್ತಿತ್ತು. ಸಂಜೆ ಮನೆಗೆ ಹೊರಟವರ ತುಟಿ ನೇರಳೆ ಹಣ್ಣು ತಿಂದಂತಿರುತ್ತಿತ್ತು. ಅದರ ಮೇಲೆ ಬಿಯರ್ ಕುಡಿದರೆ ನೆಲ ಕಚ್ಚುವುದೇ ಎಂದು ಈನಾಕ್ ಹಾಲನ್ನೇ ಕುಡಿದ. ಗೆಳೆಯರು ಹಾಲುಗಲ್ಲದ ಕೂಸೆಂದು ಕಾಲೆಳೆದರು.

ಇಷ್ಟು ಜೋಪಾನ ಮಾಡಿದವನಿಗೆ ಒಂದು ಮಾತ್ರ ತಿಳಿದಿರಲಿಲ್ಲ. ಅವನ ಮೂಗು ಆ ವಾಸನೆಗೆ ಯಾವತ್ತೋ ಸತ್ತಿತ್ತು.

ಹೆಂಡತಿ ಮಾರ್ಥಾ ಕೆಮ್ಮಿ ಕೆಮ್ಮಿ ತೀರಿಕೊಂಡಳು. ಉಳಿದವಳು ಹದಿನೇಳರ ಮಗಳು ಹೆಟ್ಟಿ. ಶವದ ಹಿಂದೆ ನಡೆಯುವವರು ಅಡಿಯಿಂದ ಮುಡಿಯವರೆಗೆ ಕಪ್ಪು ತೊಡದಿದ್ದರೆ ಆ ಬೀದಿಯ ಬಾಯಿ ಸುಮ್ಮನಿರುತ್ತಿರಲಿಲ್ಲ. ಅಪ್ಪ ಮಗಳಿಬ್ಬರಿಗೂ ಇದ್ದದ್ದು ಕಂದು ಬೂಟು. ಪಕ್ಕದ ಮನೆಯ ಆಡಾ ತನ್ನ ಗಂಡನ ಕರಿ ಬೂಟನ್ನು ಈನಾಕನಿಗೆ ಕೊಟ್ಟಳು. ಹೆಟ್ಟಿಯದಕ್ಕೆ ಅವನೇ ಅಂಗಡಿಯಿಂದ ಬೂಟಿನ ಬಣ್ಣದ ಸೀಸೆ ತಂದು ಕಪ್ಪು ಬಳಿದ. ವಾಸನೆ ಹೋಗುವ ತನಕ ತೊಡಬಾರದೆಂದು ಸೀಸೆಯ ಮೇಲೆ ಬರೆದಿತ್ತು. ಬೆಳಿಗ್ಗೆ ಮೂಸಿ ನೋಡಿದ. ಏನೂ ಇರಲಿಲ್ಲ.

"ಅಪ್ಪಾ, ಇನ್ನೂ ಬಾದಾಮಿ ವಾಸ್ನೆ ಬರ್ತಿದೆಯಲ್ಲ?"

"ಅದು ನನ್ ಮೈದು ಕಣೇ. ನಿಮ್ಮಮ್ಮ ದಿನಾ ಬೈತಿರ್ಲಿಲ್ವಾ? ಹಾಕ್ಕೋ, ಹೊತ್ತಾಯ್ತು."

ಹೆಟ್ಟಿ ಅಳುತ್ತಲೇ ನಕ್ಕು ತೆಳು ಕಾಲುಚೀಲದ ಮೇಲೆ ಬೂಟು ಏರಿಸಿದಳು. ಗುಡ್ಡದ ಮೇಲಿನ ಸ್ಮಶಾನಕ್ಕೆ ಒಂದೂವರೆ ಮೈಲಿ. ಮರಳಿ ಬಂದು ಅಲ್ಲಿಯ ರೂಢಿಯಂತೆ ನೆಂಟರಿಗೆ ಹಂದಿಮಾಂಸ ಬಡಿಸುತ್ತಿದ್ದವಳು ಮೇಜು ಹಿಡಿದು ನಿಂತಳು. ಅವಳ ತುಟಿ ನೋಡಿ ಎಲ್ಲರೂ ದುಃಖಕ್ಕೆ ಹೀಗಾಗಿದೆ ಅಂದುಕೊಂಡರು. ಆ ಬಣ್ಣ ಯಾವುದೆಂದು ಈನಾಕನಿಗೊಬ್ಬನಿಗೇ ಗೊತ್ತಿತ್ತು. ಬೂಟು ಕಿತ್ತೆಸೆದ, ಕಾಲು ತಿಕ್ಕಿ ತೊಳೆದ, ಡಾಕ್ಟರನ್ನು ಎಳೆದುತಂದ. ದೀಪ ಹಚ್ಚುವ ಹೊತ್ತಿಗೆ ಹೆಟ್ಟಿ ಇರಲಿಲ್ಲ.

ನಾಲ್ಕನೆಯ ದಿನ ಆಡಾ ಮತ್ತೆ ಅದೇ ಕರಿ ಬೂಟು ಹಿಡಿದು ಬಾಗಿಲಲ್ಲಿ ನಿಂತಳು.

"ಹಾಕ್ಕೊಳ್ಳಿ ಈನಾಕಣ್ಣ. ಜನ ಏನಂತಾರೆ?"

"ಮೊನ್ನೆ ಜನ ಅಂದ್ರೆ ಅನ್ಲಿ ಅಂತ ನಾನು ಬಿಟ್ಟಿದ್ರೆ ಮಗು ಇರ್ತಿತ್ತು, ಆಡಾ."

ಅವನು ಬಗ್ಗಿ ತನ್ನ ಕಂದು ಬೂಟಿನ ದಾರ ಕಟ್ಟಿಕೊಂಡು, ಮಗಳ ಪೆಟ್ಟಿಗೆಯ ಹಿಂದೆ ನಡೆದ.